ಸರ್ಕಾರಕ್ಕೆ ಸುತ್ತೋಲೆ, ಪೀಣ್ಯದ ಫಿಟ್ಟರ್‌ಗೆ ಸೀಲು!

ಬ್ಯಾಂಕ್ ಖಾತೆ ಬಿಟ್ಟು ಬಂದರೆ ಮುಚ್ಚಿದ ಹಾಗಲ್ಲ. ಕಾರ್ಡು ಕತ್ತರಿಸಿದರೆ ಸಾಲ ಕತ್ತರಿಸಿದ ಹಾಗಲ್ಲ

ಪೀಣ್ಯ: ಸಂಜೆ ಪಾಳಿ ಬಿಡುವ ಹೊತ್ತಿಗೆ ಪೀಣ್ಯ ಎರಡನೇ ಹಂತದ ಯಾವುದಾದರೂ ಟೀ ಅಂಗಡಿ ಮುಂದೆ ನಿಂತು ನೋಡಿ. ಕೈಯಲ್ಲಿ ಟಿಫಿನ್ ಬ್ಯಾಗು, ಅಂಗಿ ಮೇಲೆ ಎಣ್ಣೆ ಕಲೆ, ಜೇಬಿನಲ್ಲಿ ಮೂರು ಎಟಿಎಂ ಕಾರ್ಡು. ಅಂಥ ಫಿಟ್ಟರ್, ಟರ್ನರ್, ವೆಲ್ಡರ್ ಎಷ್ಟು ಬೇಕಾದರೂ ಸಿಗುತ್ತಾರೆ.

ಮೂರು ಕಾರ್ಡು ಅಂದ ಕೂಡಲೇ ದುಡ್ಡಿನವನು ಅಂದುಕೊಳ್ಳಬೇಡಿ. ಮೊದಲನೇ ಕಾರ್ಖಾನೆಯವರು ಸಂಬಳಕ್ಕೆ ಇಂಥ ಬ್ಯಾಂಕಿನಲ್ಲೇ ಖಾತೆ ತೆಗಿ ಅಂದರು, ತೆಗೆದ. ಅಲ್ಲಿ ಕೆಲಸ ಬಿಟ್ಟು ಕಂಟ್ರಾಕ್ಟರ್ ಹತ್ತಿರ ಸೇರಿದ. ಅವನ ಬ್ಯಾಂಕೇ ಬೇರೆ. ಆಮೇಲೆ ಬೊಮ್ಮಸಂದ್ರದ ಕಡೆ ಕೆಲಸ ಸಿಕ್ಕಿತು, ಅಲ್ಲಿ ಮೂರನೇ ಖಾತೆ. ಈಗ ಸಂಬಳ ಬರುವುದು ಒಂದಕ್ಕೆ ಮಾತ್ರ. ಉಳಿದ ಎರಡು ಖಾತೆ ಏನಾದವು ಅಂತ ಕೇಳಿದರೆ ಬರುವ ಉತ್ತರ ಒಂದೇ: “ಬಿಟ್ಟುಬಿಟ್ಟೆ ಸಾರ್.”

ಅಸಲಿ ತೊಂದರೆ ಇರುವುದು ಇಲ್ಲೇ. ಬಿಟ್ಟುಬಿಟ್ಟ ಖಾತೆ ಮುಚ್ಚಿದ ಖಾತೆಯಲ್ಲ. ಬಾಡಿಗೆ ಮನೆ ಖಾಲಿ ಮಾಡಿ ಕರೆಂಟ್ ಮೀಟರ್ ಹೆಸರು ಬದಲಾಯಿಸದೆ ಹೋದ ಹಾಗೆ. ಇವನು ಮರೆತರೂ ಬಿಲ್ಲು ಇವನನ್ನು ಮರೆಯುವುದಿಲ್ಲ.

ಬ್ಯಾಂಕಿಗೆ ಹೋಗಿ ಖಾತೆ ಮುಚ್ಚಿಸೋಣ ಅಂದರೆ ರಜೆ ಹಾಕಬೇಕು, ಒಂದು ದಿನದ ಕೂಲಿ ಹೋಗುತ್ತದೆ. ಹೋದರೂ, “ಹೋಮ್ ಬ್ರಾಂಚಿಗೆ ಹೋಗಿ,” “ಮೇನೇಜರ್ ಇಲ್ಲ, ಸೋಮವಾರ ಬನ್ನಿ,” “ಯಾಕೆ ಮುಚ್ಚುತ್ತೀರಿ, ಇರಲಿ ಬಿಡಿ.” ಖಾತೆ ತೆಗೆಯುವಾಗ ಕಾರ್ಖಾನೆ ಬಾಗಿಲಿಗೇ ಬಂದು ಟೇಬಲ್ ಹಾಕಿಕೊಂಡು ಕೂತವರು, ಮುಚ್ಚುವಾಗ ಕೌಂಟರ್ ಹಿಂದೆಯೂ ಸಿಗುವುದಿಲ್ಲ.

ಸರ್ಕಾರಕ್ಕೇ ತಟ್ಟಿದ ಬಿಸಿ

ಇದು ಬಡವನ ಪಾಡು ಮಾತ್ರ ಅಂದುಕೊಂಡರೆ ತಪ್ಪು. 2024ರಲ್ಲಿ ಕರ್ನಾಟಕ ಸರ್ಕಾರವೇ ಬ್ಯಾಂಕಿನ ಮುಂದೆ ನಿಂತು “ನಮ್ಮ ದುಡ್ಡು ಕೊಡಿ” ಅಂದ ಕಥೆ ಇದೆ. ಆ ಕಥೆಗೂ ಪೀಣ್ಯಕ್ಕೂ ನಂಟಿದೆ.

ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್ ಕಡೆ ರೈತರ ಜಮೀನು ಪಡೆದು ಕೈಗಾರಿಕೆಗೆ ನಿವೇಶನ ಹಂಚಿದ ಸಂಸ್ಥೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಕೆಐಎಡಿಬಿ. ಈ ಮಂಡಳಿ 2011ರ ಸೆಪ್ಟೆಂಬರ್‌ನಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ರಾಜಾಜಿನಗರ ಶಾಖೆಯ ಮೂಲಕ 25 ಕೋಟಿ ರೂ. ನಿಶ್ಚಿತ ಠೇವಣಿ ಇಟ್ಟಿತು. ಅವಧಿ ಮುಗಿದ ಮೇಲೆ ವಾಪಸು ಬಂದದ್ದು 13 ಕೋಟಿ. ಉಳಿದ 12 ಕೋಟಿ ಬರಲೇ ಇಲ್ಲ. ಬ್ಯಾಂಕಿನ ಒಳಗಿನವರೇ ಅಕ್ರಮ ಎಸಗಿದ್ದಾರೆ ಎಂಬುದು ಸರ್ಕಾರದ ದೂರು.

ಇನ್ನೊಂದು ಪ್ರಕರಣ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಪೀಣ್ಯದ ಕಾರ್ಖಾನೆಗಳಿಗೆ ನೋಟಿಸು ಕೊಡುವ ಅದೇ ಮಂಡಳಿ. ಅದು 2013ರಲ್ಲಿ ಅವೆನ್ಯೂ ರಸ್ತೆಯ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಶಾಖೆಯಲ್ಲಿ 10 ಕೋಟಿ ರೂ. ಠೇವಣಿ ಇಟ್ಟಿತ್ತು. ಯಾರೋ ನಕಲಿ ದಾಖಲೆ ತಂದು ಆ ಹಣವನ್ನು ಖಾಸಗಿ ಕಂಪನಿಯೊಂದರ ಸಾಲಕ್ಕೆ ವಜಾ ಮಾಡಿಸಿಕೊಂಡರು ಎಂಬ ವಿಷಯ ಆಮೇಲೆ ಬಯಲಾಯಿತು. ಅಷ್ಟರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಗಿತ್ತು. ಬಾಗಿಲ ಮೇಲಿನ ಬೋರ್ಡು ಬದಲಾಯಿತು, ಬಾಕಿ ಮಾತ್ರ ಹಾಗೇ ಉಳಿಯಿತು.

ಪತ್ರ ಬರೆದದ್ದಾಯಿತು, ಸಭೆ ಕರೆದದ್ದಾಯಿತು, ಕೋರ್ಟು ಕಚೇರಿಯೂ ಆಯಿತು. ಹತ್ತು ವರ್ಷಕ್ಕೂ ಮೀರಿ ಕಾದ ಸರ್ಕಾರ, 2024ರ ಆಗಸ್ಟ್ 12ರಂದು ಹಣಕಾಸು ಇಲಾಖೆಯಿಂದ ಒಂದು ಸುತ್ತೋಲೆ ಹೊರಡಿಸಿತು. ರಾಜ್ಯದ ಎಲ್ಲ ಇಲಾಖೆ, ನಿಗಮ, ಮಂಡಳಿ, ಸ್ಥಳೀಯ ಸಂಸ್ಥೆ, ವಿಶ್ವವಿದ್ಯಾಲಯಗಳು ಈ ಎರಡೂ ಬ್ಯಾಂಕುಗಳಲ್ಲಿರುವ ಖಾತೆ ಮುಚ್ಚಿ, ಠೇವಣಿ ವಾಪಸು ತೆಗೆದುಕೊಂಡು, ಸೆಪ್ಟೆಂಬರ್ 20ರೊಳಗೆ ವರದಿ ಕೊಡಬೇಕು. ಹೊಸದಾಗಿ ಒಂದು ರೂಪಾಯಿಯನ್ನೂ ಅಲ್ಲಿ ಇಡಕೂಡದು!

ಆಮೇಲೆ ನಡೆದದ್ದು ನೋಡಿ. ವರ್ಷಗಟ್ಟಲೆ ಮಲಗಿದ್ದ ಕಡತಕ್ಕೆ ನಾಲ್ಕೇ ದಿನದಲ್ಲಿ ಜೀವ ಬಂತು. ಬ್ಯಾಂಕಿನವರು ಹದಿನೈದು ದಿನ ಗಡುವು ಕೇಳಿದರು. ಹಣಕಾಸು ಖಾತೆಯನ್ನೂ ತಾವೇ ಇಟ್ಟುಕೊಂಡಿದ್ದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಒಪ್ಪಿದರು, ಆಗಸ್ಟ್ 16ರಂದು ಆದೇಶಕ್ಕೆ ತಡೆ ಬಿತ್ತು. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಎರಡೂ ಬ್ಯಾಂಕುಗಳಿಂದ ಸೇರಿ 22.67 ಕೋಟಿ ರೂ. ಸರ್ಕಾರಕ್ಕೆ ಬಂತು. ಸುತ್ತೋಲೆ ವಾಪಸಾಯಿತು.

ಹತ್ತು ವರ್ಷದ ಪತ್ರ ಮಾಡದ ಕೆಲಸವನ್ನು “ಖಾತೆ ಮುಚ್ಚುತ್ತೇವೆ” ಎಂಬ ಒಂದು ಮಾತು ಮೂರು ವಾರದಲ್ಲಿ ಮಾಡಿತು. ಸರಿ ಸ್ವಾಮಿ, ಆನೆ ಘೀಳಿಟ್ಟರೆ ದಾರಿ ಬಿಡುತ್ತಾರೆ. ಇರುವೆ ಏನು ಮಾಡಬೇಕು?

ಇರುವೆಗೂ ದಾರಿ ಇದೆ. ಅದನ್ನು ಬರೆದಿಟ್ಟಿರುವುದು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ. ಕೌಂಟರ್‌ನಲ್ಲಿ ಅದನ್ನು ಯಾರೂ ಓದಿ ಹೇಳುವುದಿಲ್ಲ, ಅಷ್ಟೇ.

ಬಿಟ್ಟ ಖಾತೆ ಏನಾಗುತ್ತೆ?

ಸಂಬಳದ ಖಾತೆಗೆ ಕೆಲವು ತಿಂಗಳು ಸಂಬಳ ಬೀಳದಿದ್ದರೆ ಸಾಮಾನ್ಯವಾಗಿ ಬ್ಯಾಂಕು ಅದನ್ನು ಮಾಮೂಲಿ ಉಳಿತಾಯ ಖಾತೆ ಮಾಡಿಬಿಡುತ್ತದೆ. ಅಲ್ಲಿಗೆ ಮಿನಿಮಮ್ ಬ್ಯಾಲೆನ್ಸ್ ಲೆಕ್ಕ ಶುರು. ಇಡದಿದ್ದರೆ ದಂಡ. ಸ್ಟೇಟ್ ಬ್ಯಾಂಕು ಈ ದಂಡವನ್ನು 2020ರಲ್ಲಿ ಕೈಬಿಟ್ಟಿತು. ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಬಿಟ್ಟಿತು. ಖಾಸಗಿ ಬ್ಯಾಂಕುಗಳ ಲೆಕ್ಕ ಬೇರೆ. ಎಸ್ಸೆಮ್ಮೆಸ್ ಚಾರ್ಜು, ಎಟಿಎಂ ಕಾರ್ಡಿನ ವಾರ್ಷಿಕ ಚಾರ್ಜು ಅಂತ ಇದ್ದ ಐನೂರು, ಸಾವಿರವೂ ಕರಗಿ ಹೋಗುತ್ತದೆ.

ಕರಗಿ ಸೊನ್ನೆಯಾದ ಮೇಲೆ? ಮಿನಿಮಮ್ ಬ್ಯಾಲೆನ್ಸ್ ಇಲ್ಲ ಎಂಬ ಒಂದೇ ಕಾರಣಕ್ಕೆ ಉಳಿತಾಯ ಖಾತೆಯನ್ನು ಸೊನ್ನೆಗಿಂತ ಕೆಳಕ್ಕೆ ಇಳಿಸಬಾರದು ಎಂದು ರಿಸರ್ವ್ ಬ್ಯಾಂಕು 2014ರಲ್ಲೇ ಹೇಳಿದೆ. ಆದ್ದರಿಂದ ಖಾತೆ ಮುಚ್ಚಲು ಹೋದಾಗ “ಮೈನಸ್ ಎರಡು ಸಾವಿರ ಇದೆ, ಕಟ್ಟಿ” ಅಂದರೆ ಗಾಬರಿಯಾಗಿ ಜೇಬಿಗೆ ಕೈ ಹಾಕಬೇಡಿ. ಯಾವ ಬಾಬತ್ತು ಅಂತ ಬರವಣಿಗೆಯಲ್ಲಿ ಕೇಳಿ.

ಎರಡು ವರ್ಷ ಗ್ರಾಹಕನ ಕಡೆಯಿಂದ ವ್ಯವಹಾರ ಇಲ್ಲದಿದ್ದರೆ ಅದು ನಿಷ್ಕ್ರಿಯ ಖಾತೆ. 2024ರ ಏಪ್ರಿಲ್ 1ರಿಂದ ಇಂಥ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕುವಂತಿಲ್ಲ, ಮತ್ತೆ ಚಾಲೂ ಮಾಡಲು ಶುಲ್ಕ ಕೇಳುವಂತಿಲ್ಲ. ಹತ್ತು ವರ್ಷ ಕಳೆದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಹೋದರೂ ಹಕ್ಕು ಹೋಗುವುದಿಲ್ಲ. ಖಾತೆದಾರನೋ, ಅವನ ವಾರಸುದಾರರೋ ಅದೇ ಬ್ಯಾಂಕಿನಲ್ಲಿ ಅರ್ಜಿ ಹಾಕಿ ಪಡೆಯಬಹುದು. ತೀರಿಹೋದ ಅಪ್ಪನ ಹಳೆಯ ಪಾಸ್‌ಬುಕ್ ಟ್ರಂಕಿನಲ್ಲಿ ಸಿಕ್ಕಿದರೆ ರದ್ದಿಗೆ ಹಾಕಬೇಡಿ. ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ತೆರೆದ ‘ಉದ್ಗಮ್’ ಎಂಬ ತಾಣದಲ್ಲಿ ಹೆಸರು ಕೊಟ್ಟು ಹುಡುಕಬಹುದು.

ಆ ಪಾಸ್‌ಬುಕ್ ಮೇಲಿನ ಬ್ಯಾಂಕೇ ಈಗ ಇಲ್ಲದಿದ್ದರೆ? ವಿಜಯಾ ಬ್ಯಾಂಕಿನದಾದರೆ ಬ್ಯಾಂಕ್ ಆಫ್ ಬರೋಡಾಗೆ ಹೋಗಿ (ವಿಲೀನ 2019). ಸಿಂಡಿಕೇಟ್ ಆದರೆ ಕೆನರಾ, ಕಾರ್ಪೊರೇಷನ್ ಆದರೆ ಯೂನಿಯನ್ ಬ್ಯಾಂಕ್ (ಎರಡೂ 2020). ಅಂಗಡಿ ಅಂಗಡಿಗೆ ಬಂದು ದಿನಾ ಪಿಗ್ಮಿ ಎತ್ತುವ ಪದ್ಧತಿಯನ್ನು 1928ರಲ್ಲಿ, ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಬ್ಯಾಂಕು ಸಿಂಡಿಕೇಟ್. ಹೆಸರು ಹೋಯಿತು, ಗಿರಾಕಿಗಳ ಕಾಸು ಹೋಗಿಲ್ಲ.

ಕತ್ತರಿ ಹಾಕಿದರೆ ಮುಗೀತಾ?

ಇನ್ನು ಕ್ರೆಡಿಟ್ ಕಾರ್ಡು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆ ಮೆಟ್ರೋ ನಿಲ್ದಾಣ, ಮಾಲು, ಪೆಟ್ರೋಲ್ ಬಂಕು ಎಲ್ಲೆಲ್ಲೂ ಕಾರ್ಡು ಮಾರುವ ಹುಡುಗರು. “ಫ್ರೀ ಸಾರ್, ಲೈಫ್‌ಟೈಮ್ ಫ್ರೀ.” ತೆಗೆದುಕೊಂಡವನಿಗೆ ಬಿಲ್ಲು ಬರುತ್ತದೆ, ‘ಕನಿಷ್ಠ ಪಾವತಿ’ ಅಂತ ಒಂದು ಸಣ್ಣ ಅಂಕಿ ಕಾಣುತ್ತದೆ. ಅದನ್ನಷ್ಟೇ ಕಟ್ಟುತ್ತಾ ಹೋದರೆ ಉಳಿದದ್ದಕ್ಕೆ ಬಡ್ಡಿ. ಹಲವು ಕಾರ್ಡುಗಳಲ್ಲಿ ಇದು ತಿಂಗಳಿಗೆ ಶೇ. 3.5ರ ಆಸುಪಾಸು, ವರ್ಷಕ್ಕೆ ಲೆಕ್ಕ ಹಾಕಿದರೆ ಶೇ. 40 ದಾಟುತ್ತದೆ. ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. ಹಾಗಾಗಿ ಆ ತೀರ್ಪಿನ ಆಸರೆಯೂ ಈಗಿಲ್ಲ.

ಬೇಸತ್ತವರು ಕಾರ್ಡನ್ನು ಕತ್ತರಿಯಿಂದ ಎರಡು ತುಂಡು ಮಾಡಿ ಕಸಕ್ಕೆ ಎಸೆದು ಕೈ ತೊಳೆದುಕೊಳ್ಳುತ್ತಾರೆ. ತುಂಡಾದದ್ದು ಪ್ಲಾಸ್ಟಿಕ್ಕು, ಖಾತೆಯಲ್ಲ. ವಾರ್ಷಿಕ ಶುಲ್ಕ ಬೀಳುತ್ತದೆ, ಶುಲ್ಕಕ್ಕೆ ಬಡ್ಡಿ, ಬಡ್ಡಿಗೆ ತೆರಿಗೆ. ಎರಡು ವರ್ಷ ಕಳೆದು ಮಗಳ ಓದಿಗೆ ಸಾಲ ಕೇಳಲು ಹೋದಾಗ “ನಿಮ್ಮ ಸಿಬಿಲ್ ಸರಿಯಿಲ್ಲ” ಎಂಬ ಉತ್ತರ.

ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಲ್ಲಿ ಹೊರಡಿಸಿ ಅದೇ ಜುಲೈನಿಂದ ಜಾರಿಗೆ ತಂದ ನಿಯಮ ಹೀಗಿದೆ. ಬಾಕಿ ಪೂರ್ತಿ ಕಟ್ಟಿ ಕಾರ್ಡು ಮುಚ್ಚಿ ಎಂದು ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡ ಮಾಡಿದರೆ, ಬಾಕಿ ಏನೂ ಇಲ್ಲದಿದ್ದ ಪಕ್ಷದಲ್ಲಿ, ದಿನಕ್ಕೆ 500 ರೂ.ನಂತೆ ಗ್ರಾಹಕನಿಗೇ ದಂಡ ಕೊಡಬೇಕು! ಪೋಸ್ಟಿನಲ್ಲೇ ಅರ್ಜಿ ಕಳಿಸಿ ಅಂತ ಸತಾಯಿಸುವಂತಿಲ್ಲ. ಫೋನು, ಇಮೇಲು, ಮೊಬೈಲ್ ಆಪ್, ಯಾವುದರಲ್ಲಾದರೂ ಕೇಳಬಹುದು. ಮುಚ್ಚಿದ ಕೂಡಲೇ ಗ್ರಾಹಕನಿಗೆ ತಿಳಿಸಬೇಕು. ಕಾರ್ಡಿನಲ್ಲಿ ಹೆಚ್ಚುವರಿ ಹಣ ಉಳಿದಿದ್ದರೆ ಬ್ಯಾಂಕ್ ಖಾತೆಗೆ ಹಾಕಬೇಕು.

ದಿನಕ್ಕೆ 500 ಅಂದರೆ ಸಣ್ಣ ಮಾತಲ್ಲ. ಆದರೆ ಆ ದಂಡ ಕೇಳಲು ಅರ್ಜಿ ಕೊಟ್ಟ ದಿನಾಂಕಕ್ಕೆ ಪುರಾವೆ ಬೇಕು. “ಫೋನ್ ಮಾಡಿ ಹೇಳಿದ್ದೆ” ಅಂದರೆ ನಡೆಯುವುದಿಲ್ಲ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಇಮೇಲ್ ಜೋಪಾನ ಮಾಡಿ.

ಅವಸರ ಬೇಡ, ಗಂಟು ಬಿಚ್ಚಿ

ಸಿಟ್ಟಿನಲ್ಲಿ ಇವತ್ತೇ ಹೋಗಿ ಖಾತೆ ಮುಚ್ಚಿಸಿದರೂ ಎಡವಟ್ಟೇ. ಒಂದು ಖಾತೆಗೆ ಎಷ್ಟೊಂದು ದಾರ ಕಟ್ಟಿರುತ್ತವೆ ಎಂಬುದು ಕತ್ತರಿಸಿದ ಮೇಲೆ ಗೊತ್ತಾಗುತ್ತದೆ.

ಮನೆಯೊಡತಿಗೆ ಬರುವ ಗೃಹಲಕ್ಷ್ಮಿಯ 2,000 ರೂ., ಗ್ಯಾಸ್ ಸಬ್ಸಿಡಿ, ಎಲ್ಲ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಆ ಖಾತೆ ಮುಚ್ಚಿ ಹೊಸದಕ್ಕೆ ಆಧಾರ್ ಜೋಡಿಸದಿದ್ದರೆ ಹಣ ನಿಂತುಹೋಗುತ್ತದೆ. ಆಮೇಲೆ ಅಂಗನವಾಡಿ, ಬ್ಯಾಂಕು, ಬೆಂಗಳೂರು ಒನ್ ಅಂತ ಮೂರು ಬಾಗಿಲು ತಿರುಗಬೇಕು. ಹೊಸ ಬ್ಯಾಂಕಿನಲ್ಲಿ “ಸರ್ಕಾರದ ಹಣ ಬರಲು ಆಧಾರ್ ಜೋಡಿಸಿ” ಎಂದು ಅರ್ಜಿ ಕೊಟ್ಟು, ಒಂದು ಕಂತು ಅಲ್ಲಿಗೆ ಬಂದದ್ದು ನೋಡಿದ ಮೇಲೆ ಹಳೆಯದನ್ನು ಮುಚ್ಚಿ.

ಕಾರ್ಮಿಕರಿಗೆ ಪಿ.ಎಫ್. ಖಾತೆ. ಯುಎಎನ್‌ಗೆ ಜೋಡಿಸಿದ ಬ್ಯಾಂಕ್ ಖಾತೆ ಮುಚ್ಚಿಹೋಗಿದ್ದರೆ ಪಿ.ಎಫ್. ಹಣ ಬಂದ ದಾರಿಯಲ್ಲೇ ವಾಪಸು. ಹಿಂದೆ ಖಾತೆ ಬದಲಿಸಲು ಮಾಲೀಕರ ಒಪ್ಪಿಗೆ ಬೇಕಿತ್ತು. ಬಾಗಿಲು ಮುಚ್ಚಿದ ಕಾರ್ಖಾನೆಯ ಮಾಲೀಕನನ್ನು ಎಲ್ಲಿ ಹುಡುಕುವುದು? 2025ರ ಏಪ್ರಿಲ್‌ನಿಂದ ಆ ಒಪ್ಪಿಗೆಯ ರಗಳೆ ಇಲ್ಲ.

ಬೈಕಿನ ಕಂತು, ಚೀಟಿ ಕಂತು, ಎಲ್‌ಐಸಿ ಕಂತು ಆ ಖಾತೆಯಿಂದಲೇ ಹೋಗುತ್ತಿದ್ದರೆ ಮೊದಲು ಹೊಸ ಖಾತೆಗೆ ಬದಲಿಸಿ. ಕೊಟ್ಟ ಚೆಕ್ಕು ಹೊರಗೆ ಇದ್ದರೆ ಇನ್ನೂ ಹುಷಾರು. ಪೀಣ್ಯದ ವರ್ಕ್‌ಶಾಪಿನವರು ಕಬ್ಬಿಣದ ಅಂಗಡಿಗೆ ಮುಂದಿನ ತಾರೀಖಿನ ಚೆಕ್ಕು ಕೊಡುವುದು ಮಾಮೂಲು. “ಖಾತೆಯೇ ಇಲ್ಲದ ಮೇಲೆ ಕೇಸು ಹೇಗೆ?” ಎಂದು ಕೆಲವರು ಜಾಣತನ ತೋರಿಸುತ್ತಾರೆ. ‘ಖಾತೆ ಮುಚ್ಚಿದೆ’ ಎಂದು ವಾಪಸಾದ ಚೆಕ್ಕೂ 138ನೇ ಕಲಮಿನಡಿ ಅಪರಾಧವೇ ಎಂದು ಸುಪ್ರೀಂ ಕೋರ್ಟು 1999ರಲ್ಲೇ ತೀರ್ಪು ಕೊಟ್ಟಿದೆ. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೆ ಚೆಕ್ಕಿನ ಎರಡರಷ್ಟರವರೆಗೆ ದಂಡ, ಇಲ್ಲವೆ ಎರಡೂ.

ಅಂಗಡಿಯವರ ಗಮನಕ್ಕೆ

ಗಲ್ಲಾಪೆಟ್ಟಿಗೆ ಮೇಲೆ ಕ್ಯೂಆರ್ ಹಲಗೆ ಇಟ್ಟವರು ಖಾತೆ ಬದಲಿಸಿದರೆ ಹಲಗೆಯ ಖಾತೆಯನ್ನೂ ಬದಲಿಸಬೇಕು. ಇಲ್ಲದಿದ್ದರೆ ಗಿರಾಕಿ ಸ್ಕ್ಯಾನ್ ಮಾಡಿ ಮಾಡಿ ಸುಸ್ತಾಗಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸು ಕಳಿಸಿದಾಗ ಬೆಂಗಳೂರಿನಲ್ಲಿ “ಯುಪಿಐ ಇಲ್ಲ, ಕ್ಯಾಶ್ ಮಾತ್ರ” ಎಂಬ ಬೋರ್ಡುಗಳು ಎದ್ದದ್ದು ಎಲ್ಲರಿಗೂ ನೆನಪಿದೆ. ಬಂದ್ ಕರೆಯೂ ಬಂತು. ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆದು ಮಾತಾಡಿದ ಮೇಲೆ ತಣ್ಣಗಾಯಿತು. ಆಗ ಖಾತೆ ಮುಚ್ಚಿಸಿದರೆ ಪಾರಾಗಬಹುದು ಎಂದುಕೊಂಡವರಿಗೆ ಒಂದು ಮಾತು. ಖಾತೆ ಮುಚ್ಚಬಹುದು, ಲೆಕ್ಕ ಮುಚ್ಚಲಾಗುವುದಿಲ್ಲ. ಹಳೆಯ ವ್ಯವಹಾರದ ದಾಖಲೆ ಬ್ಯಾಂಕಿನಲ್ಲಿ ಇದ್ದೇ ಇರುತ್ತದೆ. ಮುಚ್ಚುವ ಮೊದಲು ಪೂರ್ತಿ ಸ್ಟೇಟ್‌ಮೆಂಟ್ ತೆಗೆದಿಟ್ಟುಕೊಂಡರೆ ಯಾವುದು ವ್ಯಾಪಾರ, ಯಾವುದು ಕೈಸಾಲ ಎಂದು ತೋರಿಸಲು ನಿಮಗೇ ಅನುಕೂಲ.

ಸಾಲವನ್ನೇ ಬೇರೆ ಬ್ಯಾಂಕಿಗೆ ಒಯ್ಯುವ ವರ್ಕ್‌ಶಾಪ್ ಮಾಲೀಕರಿಗೂ ಸಮಾಧಾನದ ಸುದ್ದಿ ಇದೆ. 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ, ಬಡ್ಡಿ ದರ ಏರಿಳಿಯುವ ಸಾಲವನ್ನು ಅವಧಿಗೆ ಮೊದಲು ತೀರಿಸಿದರೆ ವಾಣಿಜ್ಯ ಬ್ಯಾಂಕುಗಳು ಸಣ್ಣ ಉದ್ಯಮಿಗಳಿಂದ ದಂಡ ಕೀಳುವಂತಿಲ್ಲ. ಸಾಲ ತೀರಿದ 30 ದಿನದೊಳಗೆ ಅಡವಿಟ್ಟ ಆಸ್ತಿಯ ಮೂಲ ಪತ್ರಗಳನ್ನು ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂ. ಪರಿಹಾರ. ಇದು 2023ರ ಡಿಸೆಂಬರ್‌ನಿಂದ ಇರುವ ನಿಯಮ.

ತೆಗೆದ ಹಣ ಎಲ್ಲಿಗೆ?

ಖಾತೆ ಮುಚ್ಚಿದ್ದಾಯಿತು, ಕಾಸು ಕೈಗೆ ಬಂತು. ಈಗ ಎದುರಾಗುವುದು ಬಡ್ಡಿಯ ಆಸೆ. “ಅಲ್ಲಿ ಆರು ಕೊಡ್ತಾರೆ, ಇಲ್ಲಿ ಒಂಬತ್ತು” ಎಂದು ಹೇಳುವವರು ಬಸ್ಸಿನ ಪಕ್ಕದ ಸೀಟಿನಲ್ಲೇ ಸಿಗುತ್ತಾರೆ.

ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ನೆನಪು ಮಾಡಿಕೊಳ್ಳಿ. ಒಳ್ಳೆ ಬಡ್ಡಿ ಬರುತ್ತದೆಂದು ನಿವೃತ್ತರು ಜೀವಮಾನದ ಗಂಟು ಅಲ್ಲಿ ಇಟ್ಟಿದ್ದರು. 2020ರ ಜನವರಿ 10ರಂದು ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿತು. ಒಬ್ಬರಿಗೆ 35,000 ರೂ. ಮಾತ್ರ. ಲಕ್ಷಗಟ್ಟಲೆ ಇಟ್ಟ ಮುದುಕರು ಔಷಧಿಗೂ ಲೆಕ್ಕ ಹಾಕಬೇಕಾಯಿತು.

ಆ ಪ್ರಕರಣ ನಡೆಯುವಾಗ ಠೇವಣಿ ವಿಮೆ ಬರೀ ಒಂದು ಲಕ್ಷ ಇತ್ತು. 2020ರ ಫೆಬ್ರವರಿ 4ರಿಂದ ಅದು ಐದು ಲಕ್ಷವಾಯಿತು. ಈ ಲೆಕ್ಕ ಒಬ್ಬರಿಗೆ, ಒಂದು ಬ್ಯಾಂಕಿಗೆ. ಆ ಬ್ಯಾಂಕಿನ ಎಲ್ಲ ಶಾಖೆ ಸೇರಿ, ಅಸಲು ಬಡ್ಡಿ ಸೇರಿ. ಪೀಣ್ಯ ಶಾಖೆಯಲ್ಲಿ ಐದು, ಯಶವಂತಪುರ ಶಾಖೆಯಲ್ಲಿ ಐದು ಇಟ್ಟರೆ ವಿಮೆ ಹತ್ತಕ್ಕಲ್ಲ, ಐದಕ್ಕೇ. ಎರಡು ಬೇರೆ ಬ್ಯಾಂಕಿನಲ್ಲಿ ಇಟ್ಟರೆ ಎರಡಕ್ಕೂ ಉಂಟು.

ಇನ್ನೊಂದು ಮಾತು. ಸಹಕಾರ ಬ್ಯಾಂಕು ಬೇರೆ, ಪತ್ತಿನ ಸಹಕಾರ ಸಂಘ ಬೇರೆ. ಬೋರ್ಡಿನ ಬಣ್ಣ ಒಂದೇ ಥರ ಇದ್ದರೂ ಸಂಘಕ್ಕೆ ಈ ವಿಮೆ ಇಲ್ಲ. ಚೀಟಿಗೂ ಇಲ್ಲ. ಇಡಬೇಡಿ ಎಂದಲ್ಲ, ಗೊತ್ತಿದ್ದು ಇಡಿ.

ಕೈಯಲ್ಲಿ ಸೀಲು ಇರಲಿ

ಕಡೆಗೆ ಮಾಡಬೇಕಾದದ್ದು ಇಷ್ಟೇ. ಖಾತೆ ಮುಚ್ಚುವ ಫಾರಂ ತುಂಬಿ. ಜಂಟಿ ಖಾತೆಯಾದರೆ ಇಬ್ಬರೂ ಸಹಿ ಹಾಕಿ. ಉಳಿದ ಚೆಕ್ಕಿನ ಹಾಳೆ, ಎಟಿಎಂ ಕಾರ್ಡು, ಪಾಸ್‌ಬುಕ್ ಒಪ್ಪಿಸಿ. ಪಾಸ್‌ಬುಕ್ಕಿಗೆ ಮೊದಲು ಎಂಟ್ರಿ ಹಾಕಿಸಿ ಜೆರಾಕ್ಸ್ ಇಟ್ಟುಕೊಳ್ಳಿ. ಉಳಿದ ಹಣ ಯಾವ ಖಾತೆಗೆ ಹೋಗಬೇಕು ಬರೆಯಿರಿ. ತೆಗೆದು ವರ್ಷ ತುಂಬದ ಖಾತೆಗೆ ಕೆಲವು ಬ್ಯಾಂಕು ಮುಚ್ಚುವ ಶುಲ್ಕ ಹಾಕುತ್ತವೆ, ಮೊದಲೇ ಕೇಳಿ.

ಎಲ್ಲಕ್ಕಿಂತ ಮುಖ್ಯ, ಅರ್ಜಿಯ ಎರಡನೇ ಪ್ರತಿ. ಅದರ ಮೇಲೆ ಬ್ಯಾಂಕಿನ ಸೀಲು, ತಾರೀಖು, ಸಹಿ. “ಅದೆಲ್ಲ ಬೇಡಪ್ಪಾ, ನಾವು ಮಾಡ್ತೀವಿ ಹೋಗು” ಅಂದರೂ ಕದಲಬೇಡಿ.

ಬ್ಯಾಂಕಿಗೆ ಬರೆದು ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದರೂ ಸಮಾಧಾನವಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ವಕೀಲರು ಬೇಡ, ಫೀಸು ಇಲ್ಲ. 14448ಕ್ಕೆ ಫೋನ್ ಮಾಡಿದರೆ ದೂರು ಹೇಗೆ ಕೊಡಬೇಕೆಂದು ಕನ್ನಡದಲ್ಲೇ ಹೇಳುತ್ತಾರೆ. ಅಲ್ಲಿ ಮೊದಲು ಕೇಳುವ ಪ್ರಶ್ನೆ: ಬ್ಯಾಂಕಿಗೆ ಯಾವಾಗ ಬರೆದು ಕೊಟ್ಟಿರಿ?

ಕೆಐಎಡಿಬಿಯ 12 ಕೋಟಿ ಹೋದಾಗ ಅದರ ಹಿಂದೆ ವಿಧಾನಸೌಧವೇ ಇತ್ತು. ಆದರೂ ದುಡ್ಡು ಬರಲು ಹತ್ತು ವರ್ಷ ಮೀರಿತು. ಪೀಣ್ಯದ ಫಿಟ್ಟರ್ ಹಿಂದೆ ಯಾರೂ ಇಲ್ಲ. ಅವನ ಹಳೇ ಖಾತೆಯಲ್ಲಿ ಉಳಿದಿರುವುದು ಸಾವಿರವೋ ಎರಡು ಸಾವಿರವೋ ಇರಬಹುದು; ಅವನಿಗೆ ಅದು ಎರಡು ದಿನದ ಬೆವರು. ಅದನ್ನು ಬಿಡಿಸಿಕೊಳ್ಳಲು ಸುತ್ತೋಲೆ ಹೊರಡಿಸುವ ಅಧಿಕಾರ ಅವನಿಗಿಲ್ಲ. ಒಂದು ಅರ್ಜಿ, ಅದರ ಮೇಲೊಂದು ನೀಲಿ ಸೀಲು, ಅಷ್ಟೇ ಅವನ ಬಲ.

ಮುಂದಿನ ವಾರದ ರಜೆ ಯಾವತ್ತು ಅಂತ ನೋಡಿಕೊಳ್ಳಿ. ಜೇಬಿನ ಮೂರು ಕಾರ್ಡಿನಲ್ಲಿ ಬೇಡದ ಎರಡನ್ನು ಹೊರಗೆ ತೆಗೆಯಿರಿ. ಬಸ್ ಹತ್ತಿ.